ಅಕ್ಷರ ಎಣಿಸಲು ಯಾರಿಗೆ ಬರುತ್ತದೆ?



ನಾವಿರುವ ದೇಶ 2017ರಲ್ಲಿಯೇ ಕೃತಕ ಬುದ್ಧಿಮತ್ತೆಗೆ ಒಬ್ಬ ಸಚಿವರನ್ನು ನೇಮಿಸಿತು. 2019ರಲ್ಲಿ ಅಬುಧಾಬಿಯಲ್ಲಿ ಅದಕ್ಕೆಂದೇ ಒಂದು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಇಂದು ಪ್ರೋಗ್ರಾಮರ್‌ಗಳು ತಮಗೆ ಬೇಕಾದ್ದನ್ನು ಮಾತಿನಲ್ಲಿ ಹೇಳಿದರೆ ಎಐ ಸಹಾಯಕ ಕೋಡ್ ಬರೆದುಕೊಡುತ್ತದೆ. ಹಾಗಾದರೆ ಕೋಡಿಂಗ್ ಏಕೆ ಕಲಿಯಬೇಕು? ಅನುವಾದಕ್ಕೂ ಯಂತ್ರವಿದೆ, ರಜೆಯ ದಿನ ಕನ್ನಡ ತರಗತಿ ಏಕೆ ಬೇಕು? ಈ ಎರಡು ಪ್ರಶ್ನೆಗಳಿಗೂ ನನಗೆ ಒಂದೇ ಕಡೆ ಉತ್ತರ ಸಿಕ್ಕಿತು.

ನಮ್ಮ ಶಾಲೆಯ ಚಿಕ್ಕ ಮಕ್ಕಳಿಗಾಗಿ ಒಂದು ಪದಬಂಧದ ಆಟ ಮಾಡಲು ಹೊರಟಿದ್ದೆ. ಒಂದು ಮನೆಗೆ ಒಂದು ಅಕ್ಷರ. ಪದದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಎಣಿಸುವ ಕೋಡ್ ಬರೆಯಲು ಎಐ ಸಹಾಯಕನಿಗೆ ಹೇಳಿದೆ. ಕ್ಷಣದಲ್ಲಿ ಬರೆಯಿತು. ಓಡಿಸಿದಾಗ ಎಲ್ಲೂ ದೋಷದ ಸಂದೇಶ ಬರಲಿಲ್ಲ. ಆದರೆ ‘ಅಮ್ಮ’ ಪದಕ್ಕೆ 4 ಮನೆ ತೋರಿಸಿತು, ‘ಸ್ವಾತಂತ್ರ್ಯ’ಕ್ಕೆ 11!

ಕಾರಣ ಸರಳ. ಯೂನಿಕೋಡ್‌ನಲ್ಲಿ ‘ಮ್ಮ’ ಎಂಬುದು ಮ, ವಿರಾಮ ಚಿಹ್ನೆ, ಮತ್ತೆ ಮ ಎಂದು ಮೂರು ಸಂಕೇತಗಳಾಗಿ ಕೂತಿರುತ್ತದೆ. ಯಂತ್ರ ಸಂಕೇತಗಳನ್ನು ಎಣಿಸಿತ್ತು, ಅಕ್ಷರಗಳನ್ನಲ್ಲ. ಕನ್ನಡ ಓದಲು ಬಾರದವರ ಕಣ್ಣಿಗೆ ಆ ಕೋಡ್ ಸರಿಯಾಗಿಯೇ ಕಾಣುತ್ತಿತ್ತು.

ಆಮೇಲೆ ಅನುಭವಿ ಪ್ರೋಗ್ರಾಮರ್‌ಗಳು ಮಾಡುವಂತೆ ಮಾಡಿದೆ. ಮೊದಲು ಕಾಗದದ ಮೇಲೆ ನಾನೇ ಉತ್ತರ ಬರೆದುಕೊಂಡೆ: ಅಮ್ಮ 2, ಶಾಲೆ 2, ಸೂರ್ಯ 2, ಸ್ವಾತಂತ್ರ್ಯ 3. ಕಾಗುಣಿತ, ಒತ್ತಕ್ಷರ, ಅನುಸ್ವಾರಗಳ ನಿಯಮವನ್ನು ಸಹಾಯಕನಿಗೆ ಬಿಡಿಸಿ ಹೇಳಿದೆ. ಹೊಸ ಕೋಡನ್ನು ಸಾಲು ಸಾಲಾಗಿ ಓದಿ, ನನ್ನ ಪಟ್ಟಿಯೊಂದಿಗೆ ತಾಳೆ ನೋಡಿದೆ. ನಾಲ್ಕೂ ಸರಿಬಂದವು.

ಬೆರಳಿನ ಕೆಲಸವನ್ನು ಯಂತ್ರ ಮಾಡಿತು. ಸರಿಯೋ ತಪ್ಪೋ ಎಂದು ಹೇಳುವ ಕೆಲಸ ನನ್ನದೇ ಆಗಿತ್ತು. ಆ ಶಕ್ತಿ ಕೊಟ್ಟದ್ದು ಇಲ್ಲಿ ನೂರು ಸಲ ತಿದ್ದಿಸಿದ ಒತ್ತಕ್ಷರಗಳು. ಆಗ ಬೇಸರವಾಗುತ್ತಿತ್ತು, ನಿಜ.

ಪೋಷಕರಲ್ಲಿ ಒಂದು ವಿನಂತಿ: ಯಂತ್ರಕ್ಕೆ ಕನ್ನಡ ಬರುತ್ತದೆ ಎಂದು ಮಕ್ಕಳ ಕನ್ನಡ ತರಗತಿ ಬಿಡಿಸಬೇಡಿ. ಯಂತ್ರದ ಕನ್ನಡವನ್ನು ತಿದ್ದಲು ನಾಳೆ ಕನ್ನಡ ಬಲ್ಲವರೇ ಬೇಕು. ಗುರುಗಳಲ್ಲಿ ಇನ್ನೊಂದು: ನಮಗೆ ಎಐ ಬಳಸಲು ಬಿಡಿ, ಆದರೆ ಮೊದಲು ನಮ್ಮ ಉತ್ತರವನ್ನು ಕಾಗದದ ಮೇಲೆ ಬರೆಸಿ.