ಹಸಿರಾದ ಪೂಲ್ ತಿಳಿಯಾಗಬೇಕಾದರೆ: ಮೊದಲು ಲೆಕ್ಕ, ಆಮೇಲೆ ಕೆಮಿಕಲ್

ವಾರಕ್ಕೆ ಸಿಗೋದು ಒಂದೇ ರಜೆ. ಆ ರಜೆಯಲ್ಲೂ ಬಂದು ಕೂತಿದ್ದೀರಿ. ಹಾಗಾಗಿ ನೇರವಾಗಿ ವಿಷಯಕ್ಕೆ ಬರ್ತೇನೆ.

ನಾನು ಬಿ.ಕಾಂ. ಓದಿ, ಇಲ್ಲಿ ದುಬೈಯಲ್ಲಿ ಕಟ್ಟಡ ನಿರ್ವಹಣೆಯ ಕಂಪನಿಯೊಂದರಲ್ಲಿ ಅಕೌಂಟೆಂಟ್ ಆಗಿದ್ದೇನೆ. ಪೂಲ್ ಕೆಮಿಕಲ್‌ಗಳ ಬಿಲ್ಲು ನನ್ನ ಮೇಜಿಗೇ ಬರುತ್ತದೆ. ಬೇಸಿಗೆ ಮುಗಿಯುವಾಗ ಆ ಬಿಲ್ಲು ಏರುತ್ತದೆ. ವಿಲ್ಲಾದವರು ಎರಡು ತಿಂಗಳು ಊರಿಗೆ ಹೋಗಿರುತ್ತಾರೆ, ಪಂಪ್ ನಿಂತಿರುತ್ತದೆ, ಪೂಲ್ ಪಾಚಿಗಟ್ಟಿ ಹಸಿರಾಗಿರುತ್ತದೆ. ಆಗ ಫೋನ್ ಬರುತ್ತದೆ: "ನಾಳೆ ಬರ್ತೇವೆ, ಕ್ಲೀನ್ ಮಾಡಿಡು." ಆ ಫೋನ್ ಬರುವುದು ಪೂಲ್ ಕೆಲಸ ಕಲಿತವರಿಗೆ ಮಾತ್ರವಲ್ಲ. ವಾಚ್‌ಮನ್‌ಗೂ ಬರುತ್ತದೆ, ಡ್ರೈವರ್‌ಗೂ ಬರುತ್ತದೆ, ಗಾರ್ಡನ್ ಕೆಲಸದವನಿಗೂ ಬರುತ್ತದೆ.

ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಸುರಿದರೆ ದುಡ್ಡೂ ಹೋಗುತ್ತದೆ, ಜೀವಕ್ಕೂ ಅಪಾಯ. ನಾನು ಹೇಳೋದು ಎರಡೇ ಮಾತು: ಅಳೆಯದೆ ಹಾಕಬೇಡಿ, ಒಂದಕ್ಕೆ ಇನ್ನೊಂದನ್ನು ಬೆರೆಸಬೇಡಿ.

ಮೊದಲು ನಿಮ್ಮ ಜೀವ

ಆಸಿಡ್ ಮತ್ತು ಕ್ಲೋರಿನ್ ಒಂದೇ ಬಕೆಟ್‌ಗೆ ಬಿದ್ದರೆ ವಿಷದ ಗಾಳಿ ಏಳುತ್ತದೆ, ಅದು ಶ್ವಾಸಕೋಶವನ್ನು ಸುಡುತ್ತದೆ. ಕ್ಲೋರಿನ್ ಪುಡಿಗೆ ಕ್ಲೋರಿನ್ ಮಾತ್ರೆ ಬೆರೆಸಿದರೂ ಬೆಂಕಿ ಅಥವಾ ಸ್ಫೋಟ ಆಗಬಹುದು. ಎರಡೂ ಕ್ಲೋರಿನ್ನೇ ಅಲ್ವಾ ಅಂತ ಮೋಸ ಹೋಗಬೇಡಿ. ಪ್ರತಿಯೊಂದಕ್ಕೂ ಬೇರೆ ಬಕೆಟ್, ಬೇರೆ ಚಮಚ ಇರಲಿ. ಬಕೆಟ್‌ನಲ್ಲಿ ಯಾವಾಗಲೂ ನೀರು ಮೊದಲು, ಕೆಮಿಕಲ್ ಆಮೇಲೆ.

ಗ್ಲೌಸ್, ಕನ್ನಡಕ, ಮಾಸ್ಕ್ ಕೊಡಬೇಕಾದದ್ದು ಕಂಪನಿಯ ಹೊಣೆ. ಇದು ಯುಎಇ ಕಾನೂನಿನಲ್ಲೇ ಇದೆ, ಕೇಳಲು ಸಂಕೋಚ ಬೇಡ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ನೇರ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ, ಇದೂ ನೆನಪಿರಲಿ. ತಳ ಕಾಣದ ಪೂಲಿಗೆ ಯಾರೂ ಇಳಿಯಬೇಡಿ. ಮುಳುಗಿದವನು ಮೇಲಿದ್ದವರಿಗೆ ಕಾಣುವುದೇ ಇಲ್ಲ. ಪಂಪಿನ ಬುಟ್ಟಿ ತೆಗೆಯುವ ಮೊದಲು ಕರೆಂಟ್ ಬ್ರೇಕರ್ ಆಫ್ ಮಾಡಿ.

ನೀರಿನ ಲೆಕ್ಕ

ಮೊದಲು ಪೂಲಿನಲ್ಲಿ ಎಷ್ಟು ನೀರಿದೆ ಅಂತ ತಿಳಿಯಬೇಕು. ಉದ್ದ 8 ಮೀಟರ್, ಅಗಲ 4 ಮೀಟರ್, ಆಳ ಒಂದು ಕಡೆ 1 ಮೀಟರ್, ಇನ್ನೊಂದು ಕಡೆ 2 ಮೀಟರ್ ಅಂತಿಟ್ಟುಕೊಳ್ಳಿ. ಸರಾಸರಿ ಆಳ ಒಂದೂವರೆ. 8 ಗುಣಿಸು 4 ಗುಣಿಸು 1.5, ಅಂದರೆ 48 ಘನ ಮೀಟರ್, 48,000 ಲೀಟರ್. ಇದನ್ನು ಪಂಪ್ ರೂಮಿನ ಗೋಡೆ ಮೇಲೆ ಬರೆದಿಡಿ.

ಆಮೇಲೆ ಟೆಸ್ಟ್ ಕಿಟ್. ಪಿಎಚ್ 7.2ರಿಂದ 7.8ರೊಳಗೆ ಇರಬೇಕು. ಆಲ್ಕಲಿನಿಟಿ 80ರಿಂದ 120 ಪಿಪಿಎಂ. ಸ್ಟೆಬಿಲೈಸರ್ 30ರಿಂದ 50. ಫ್ರೀ ಕ್ಲೋರಿನ್ ಮಾಮೂಲಿ ದಿನಗಳಲ್ಲಿ 1ರಿಂದ 3 ಸಾಕು.

ಸ್ಟೆಬಿಲೈಸರ್ ಕಡೆ ವಿಶೇಷ ಗಮನ ಕೊಡಿ. ವರ್ಷಗಟ್ಟಲೆ ಬರೀ ಮಾತ್ರೆ ಹಾಕಿದ ಪೂಲಿನಲ್ಲಿ ಅದು ವಿಪರೀತ ಏರಿರುತ್ತದೆ, ಆಗ ಕ್ಲೋರಿನ್ ಇದ್ದೂ ಕೆಲಸ ಮಾಡುವುದಿಲ್ಲ. ಎಷ್ಟು ಡಬ್ಬ ಸುರಿದರೂ ನೀರು ಹಸಿರೇ. ಸ್ವಲ್ಪ ನೀರು ತೆಗೆದು ಹೊಸ ನೀರು ಬಿಡುವುದೇ ಅದಕ್ಕೆ ದಾರಿ. ಹಾಗಂತ ಪೂಲ್ ಪೂರ್ತಿ ಖಾಲಿ ಮಾಡಬೇಡಿ. ನೆಲದಡಿ ನೀರು ಮೇಲಿದ್ದರೆ ಖಾಲಿ ತೊಟ್ಟಿ ಮೇಲಕ್ಕೆ ಎದ್ದು ಬಿರುಕು ಬಿಡಬಹುದು. ಅದನ್ನು ಇಂಜಿನಿಯರ್ ನೋಡಿಯೇ ತೀರ್ಮಾನಿಸಬೇಕು.

ಕೆಲಸದ ಕ್ರಮ

ಒಂದು: ಎಲೆ, ಕಸ ಬಲೆಯಿಂದ ತೆಗೆಯಿರಿ. ಗೋಡೆ, ಮೆಟ್ಟಿಲು, ಮೂಲೆ ಚೆನ್ನಾಗಿ ಬ್ರಷ್ ಮಾಡಿ. ಕಸ ಉಳಿದರೆ ಕ್ಲೋರಿನ್ ಅದಕ್ಕೇ ಖರ್ಚಾಗುತ್ತದೆ.

ಎರಡು: ಪಿಎಚ್ ಸರಿಮಾಡಿ. ಹೆಚ್ಚಿದ್ದರೆ ಆಸಿಡ್ ಸ್ವಲ್ಪ ಸ್ವಲ್ಪವೇ ಹಾಕಿ 7.2ರ ಹತ್ತಿರ ತನ್ನಿ. ಆಗ ಪಂಪ್ ಓಡುತ್ತಿರಲಿ. ಪಿಎಚ್ 8 ದಾಟಿದ ನೀರಿನಲ್ಲಿ ಕ್ಲೋರಿನ್ನಿನ ಬಲ ಬಹಳ ಕುಗ್ಗುತ್ತದೆ. ಆಲ್ಕಲಿನಿಟಿ ಕಡಿಮೆಯಿದ್ದರೆ ಅಡುಗೆ ಸೋಡಾ ಸಾಕು. ನಮ್ಮ 48,000 ಲೀಟರ್ ಪೂಲಿಗೆ ಸುಮಾರು 800 ಗ್ರಾಂ ಹಾಕಿದರೆ 10 ಪಿಪಿಎಂ ಏರುತ್ತದೆ.

ಮೂರು: ಕ್ಲೋರಿನ್. ಆಸಿಡ್ ಹಾಕಿದ ತಕ್ಷಣ ಬೇಡ. ಪಂಪ್ ಕೆಲವು ಗಂಟೆ ಓಡಿ ನೀರು ಬೆರೆಯಲಿ. ಸಂಜೆ ಹಾಕಿ, ಬಿಸಿಲು ಕ್ಲೋರಿನ್ ತಿನ್ನುತ್ತದೆ. ಸಾವಿರ ಲೀಟರಿಗೆ 1 ಗ್ರಾಂ ಅಂದರೆ 1 ಪಿಪಿಎಂ. ನಮ್ಮ ಪೂಲಿನಲ್ಲಿ 10 ಪಿಪಿಎಂ ಏರಿಸಲು 480 ಗ್ರಾಂ ಕ್ಲೋರಿನ್ ಬೇಕು. ಡಬ್ಬದ ಮೇಲೆ 65 ಪರ್ಸೆಂಟ್ ಅಂತಿದ್ದರೆ ಸುಮಾರು 740 ಗ್ರಾಂ ಪುಡಿ. ಕಡುಹಸಿರು ಇದ್ದರೆ ಇನ್ನೂ ಬೇಕಾಗಬಹುದು, ಆದರೆ ಮತ್ತೆ ಟೆಸ್ಟ್ ಮಾಡಿಯೇ ಹಾಕಿ.

ನಾಲ್ಕು: ಫಿಲ್ಟರ್ ಹಗಲು ರಾತ್ರಿ ಓಡಲಿ. ಕ್ಲೀನ್ ಇದ್ದಾಗಿನ ಒತ್ತಡಕ್ಕಿಂತ ಗೇಜ್ 8ರಿಂದ 10 ಪಿಎಸ್‌ಐ ಏರಿದರೆ ಬ್ಯಾಕ್‌ವಾಶ್ ಮಾಡಿ. ಸತ್ತ ಪಾಚಿ ತಳಕ್ಕೆ ಕೂರುತ್ತದೆ, ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಅದನ್ನು ವ್ಯಾಕ್ಯೂಮ್ ಮಾಡಿ ನೇರ ಹೊರಗೆ ಬಿಡಿ, ಫಿಲ್ಟರಿಗೆ ಕಳಿಸಬೇಡಿ.

ನೀರು ತಿಳಿಯಾದರೆ ಕೆಲಸ ಮುಗಿಯಿತು ಅಂತಲ್ಲ. ರಾತ್ರಿ ಒಮ್ಮೆ, ಬಿಸಿಲು ಬರುವ ಮೊದಲು ಬೆಳಿಗ್ಗೆ ಒಮ್ಮೆ ಕ್ಲೋರಿನ್ ಅಳೆಯಿರಿ. 1 ಪಿಪಿಎಂಗಿಂತ ಹೆಚ್ಚು ಇಳಿದಿದ್ದರೆ ಪಾಚಿ ಇನ್ನೂ ಬದುಕಿದೆ. ಇದೆಲ್ಲಕ್ಕೆ ಕೆಲವು ದಿನ ಬೇಕು. "ನಾಳೆಯೊಳಗೆ ಆಗೋದಿಲ್ಲ ಸರ್, ನಾಲ್ಕೈದು ದಿನ ಬೇಕು" ಅಂತ ಮೊದಲೇ ಹೇಳಿ. ಕ್ಲೋರಿನ್ 3ಕ್ಕೆ ಇಳಿಯುವವರೆಗೆ ಮಕ್ಕಳನ್ನು ಪೂಲಿಗೆ ಬಿಡಬಾರದು ಅಂತಲೂ ಹೇಳಿ.

ಬರೆದಿಡಿ

ಒಂದು ನೋಟ್‌ಬುಕ್ ತಗೊಳ್ಳಿ. ತಾರೀಖು, ಗಂಟೆ, ಟೆಸ್ಟಿನ ಅಂಕಿ, ಯಾವ ಕೆಮಿಕಲ್ ಎಷ್ಟು ಗ್ರಾಂ, ಯಾರು ಹೇಳಿದ್ದು, ಇಷ್ಟನ್ನು ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಪರವಾಗಿಲ್ಲ. ಕೆಮಿಕಲ್ ಎಲ್ಲಿ ಹೋಯ್ತು, ಟೈಲ್ಸ್ ಯಾಕೆ ಹಾಳಾಯ್ತು ಅಂತ ನಾಳೆ ಯಾರಾದರೂ ನಿಮ್ಮ ಸಂಬಳಕ್ಕೆ ಕೈ ಹಾಕಲು ಬಂದರೆ ನಿಮ್ಮ ಪರ ಮಾತಾಡೋದು ಆ ಪುಸ್ತಕ. ಬಾಯಿಮಾತಿಗೆ ಆಫೀಸಿನಲ್ಲಿ ಬೆಲೆ ಕಮ್ಮಿ. ತಾರೀಖು ಹಾಕಿ ಬರೆದ ಅಂಕಿಯನ್ನು ನನ್ನಂಥ ಲೆಕ್ಕದವನು ತಳ್ಳಿಹಾಕಲಾರ.

ಕಣ್ಣಿಗೆ ಕೆಮಿಕಲ್ ಬಿದ್ದರೆ ಕನಿಷ್ಠ 15 ನಿಮಿಷ ಹರಿಯುವ ನೀರಲ್ಲಿ ತೊಳೆಯಿರಿ. ಗಾಳಿ ಕುಡಿದು ಕೆಮ್ಮು ಬಂದರೆ ತಕ್ಷಣ ಹೊರಗೆ ಬನ್ನಿ, 998ಕ್ಕೆ ಫೋನ್ ಮಾಡಿ ಆಂಬ್ಯುಲೆನ್ಸ್ ಕರೆಯಿರಿ. ಈಗ ಪರವಾಗಿಲ್ಲ ಅನ್ನಿಸಿದರೂ ಡಾಕ್ಟರಿಗೆ ತೋರಿಸಿ, ಕೆಲವು ಗಂಟೆಯ ನಂತರ ಉಸಿರಾಟ ಕೆಡಬಹುದು. ಈ ಎರಡು ಸಾಲನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಳ್ಳಿ.