ಬುಟ್ಟಿಯೂ ಬಸ್ಸೂ

ದೇವರಾಜ ಮಾರುಕಟ್ಟೆಯ ಹೊರಗೆ ನಾನು ಬಹುಕಾಲದಿಂದ ಸೊಪ್ಪು ಕೊಳ್ಳುವ ವೃದ್ಧೆಯೊಬ್ಬರಿದ್ದಾರೆ. ನಂಜನಗೂಡಿನ ಕಡೆಯವರು. ಹಿಂದೆ ದಂಟು, ಕೀರೆ, ಸಬ್ಬಸಿಗೆ ಮಾರಿ ಬಂದ ಕಾಸಿನಲ್ಲಿ ಮೊದಲು ಬಸ್ಸಿನ ಹಣವನ್ನು ಸೆರಗಿನ ತುದಿಗೆ ಗಂಟು ಕಟ್ಟುತ್ತಿದ್ದರು, ಮಿಕ್ಕದ್ದು ಲಾಭ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು, ಐಷಾರಾಮಿ ಬಸ್ಸುಗಳ ಹೊರತು ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಪ್ರಯಾಣ ಉಚಿತವಾಯಿತು. "ಗಂಟು ಹಾಕೋದು ತಪ್ತು ಸ್ವಾಮಿ" ಎಂದು ಅವರು ನಕ್ಕರು.

ಬೇಸಾಯಕ್ಕೆ ಸರ್ಕಾರದ ನೆರವೆಂದರೆ ನಮಗೆ ಹೊಳೆಯುವುದು ಗೊಬ್ಬರದ ಸಬ್ಸಿಡಿ, ಪಂಪುಸೆಟ್ಟಿನ ವಿದ್ಯುತ್ತು, ಬೆಂಬಲ ಬೆಲೆ. ಭತ್ತಕ್ಕೆ, ರಾಗಿಗೆ ಬೆಂಬಲ ಬೆಲೆಯುಂಟು. ನಸುಕಿನಲ್ಲಿ ಕಿತ್ತು ಸಂಜೆಗೆ ಬಾಡುವ ಸೊಪ್ಪಿಗೆ ಅದಿಲ್ಲ. ಅದರ ಬೆಲೆಯನ್ನು ಗೊತ್ತುಮಾಡುವುದು ಬಿಸಿಲು. ಬಿಸಿಲೇರುವ ಮುನ್ನ ಪೇಟೆ ಮುಟ್ಟಿಸುವ ಬಸ್ಸು ನೇಗಿಲಿನಷ್ಟೇ ಬೇಸಾಯದ ಸಲಕರಣೆಯೆಂದು ನನ್ನ ಎಣಿಕೆ. ಆಯವ್ಯಯದ ಹೊತ್ತಗೆಯಲ್ಲಾದರೋ ಕೃಷಿಯದೊಂದು ಪುಟ, ಸಾರಿಗೆಯದು ಬೇರೊಂದು. ಆ ಎರಡೂ ಪುಟಗಳು ಎದುರುಬದುರಾಗಿ ಕುಳಿತು ಮಾತಾಡುವುದಿಲ್ಲ.

ಉಚಿತವಾದದ್ದು ಟಿಕೀಟು, ಹೊತ್ತಲ್ಲ. ನೆಂಟರ ಮನೆಗೆ ಹೋಗುವವರಿಗೆ ಹತ್ತರ ಬಸ್ಸಾದರೂ ನಡೆದೀತು. ಈ ತಾಯಿಯ ಊರಿಗೆ ಮೊದಲ ಬಸ್ಸು ಬರುವುದು ಏಳಕ್ಕೆ. ಜನ ಕಿಕ್ಕಿರಿದಿರುವುದರಿಂದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬರಬೇಕು. ತಡವಾಗುವುದೆಂದರೆ ಸರಕಿನ ಆಟೋ ಹಿಡಿಯಬೇಕು. ಆಗ ಸೆರಗಿಗೆ ಮತ್ತೆ ಗಂಟು.

"ಐದೂವರೆಗೊಂದು ಬಸ್ಸು ಬಿಡ್ಸೋಕೆ ಅರ್ಜಿ ಬರ್ಕೊಡಿ ಸ್ವಾಮಿ" ಎಂದು ಮೊನ್ನೆ ಕೇಳಿದರು. ಅಲ್ಲೇ ಕಟ್ಟೆಯ ಮೇಲೆ ಕುಳಿತು ಬರೆದುಕೊಟ್ಟೆ. ಹೆಬ್ಬೆಟ್ಟೊತ್ತುವರೆಂದು ನಾನು ಮಸಿಗಾಗಿ ಹುಡುಕುತ್ತಿರುವಾಗ, ಅವರು ಲೇಖನಿ ತೆಗೆದುಕೊಂಡು ದುಂಡಗೆ ಸಹಿ ಮಾಡಿದರು. ಪ್ರತಿಯೊಂದನ್ನು ಕೃಷಿ ಇಲಾಖೆಗೂ ಕಳುಹಿಸಿದ್ದೇನೆ.