ಬೈಕ್ ನೋಡೋ ಆಸೆಗೆ ನೀರೊಳಗೆ ಹೇಳಿದ ಸುಳ್ಳು

ಇವತ್ತಿನ ಮಾತು ಒಂದು ತಪ್ಪೊಪ್ಪಿಗೆಯಿಂದ ಶುರು. ನೀರೊಳಗೆ ಮಾತಾಡೋಕೆ ಆಗಲ್ಲ, ಆದ್ರೂ ನಾನು ಅಲ್ಲಿ ಸುಳ್ಳು ಹೇಳಿದೆ. ಬೆರಳಲ್ಲಿ.

ಜಾಗ ಈಜಿಪ್ಟಿನ ಕೆಂಪು ಸಮುದ್ರ. ಅಲ್ಲಿ ತಳದಲ್ಲಿ ಥಿಸಲ್‌ಗಾರ್ಮ್ ಅನ್ನೋ ಬ್ರಿಟಿಷ್ ಸರಕು ಹಡಗು ಕೂತಿದೆ. 1940ರಲ್ಲಿ ನೀರಿಗಿಳಿದದ್ದು, ಮರುವರ್ಷವೇ ಮುಳುಗಿತು. ಎರಡನೇ ಮಹಾಯುದ್ಧದ ಕಾಲ. ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಸೇನೆಗೆ ಲಾರಿ, ಬೈಕು, ರೈಫಲ್, ಬೂಟು, ಮದ್ದುಗುಂಡು ಎಲ್ಲಾ ತುಂಬಿಕೊಂಡು, ಮೆಡಿಟರೇನಿಯನ್‌ನಲ್ಲಿ ಶತ್ರುಗಳ ಕಾಟ ಅಂತ ಇಡೀ ಆಫ್ರಿಕಾ ಸುತ್ತು ಹಾಕಿ ಬಂದಿತ್ತು. ಸೂಯೆಜ್ ಕಡೆ ಹೋಗೋಕೆ ಕಾಯ್ತಾ ಲಂಗರು ಹಾಕಿ ನಿಂತಿದ್ದಾಗ, 1941ರ ಅಕ್ಟೋಬರ್ 6ರಂದು, ಇನ್ನೂ ಬೆಳಗಾಗುವ ಮೊದಲೇ, ಜರ್ಮನ್ ವಿಮಾನ ಬಾಂಬ್ ಹಾಕಿತು. ಹಿಂಭಾಗದಲ್ಲಿದ್ದ ಮದ್ದುಗುಂಡು ಸಿಡಿಯಿತು. ಡೆಕ್ ಮೇಲಿದ್ದ ರೈಲ್ವೆ ಇಂಜಿನ್‌ಗಳೇ ಎಗರಿ ಸಮುದ್ರಕ್ಕೆ ಬಿದ್ದವು ಅಂದ್ರೆ ಯೋಚ್ನೆ ಮಾಡಿ. ಒಂಬತ್ತು ಜನ ಸತ್ತರು: ನಾಲ್ವರು ಹಡಗಿನ ನಾವಿಕರು, ಐವರು ತೋಪು ನೋಡಿಕೊಳ್ಳುತ್ತಿದ್ದ ನೌಕಾಪಡೆಯವರು.

ನಾನು ಡೈವಿಂಗ್ ಕಲಿತದ್ದು ನಮ್ಮ ಮುರ್ಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ. ಮೀನು, ಹವಳ, ಆಮೆ, ಆರಾಮ. ಇಲ್ಲಿ ತಳ ಇರೋದು ಸುಮಾರು 30 ಮೀಟರ್ ಕೆಳಗೆ. ಲೆಕ್ಕ ಕೇಳಿ. 30 ಮೀಟರ್‌ನಲ್ಲಿ ಒತ್ತಡ ಮೇಲಿನದರ ನಾಲ್ಕು ಪಟ್ಟು. ಹಾಗಾಗಿ ಒಂದೊಂದು ಉಸಿರಿಗೂ ಸಿಲಿಂಡರ್‌ನಿಂದ ನಾಲ್ಕು ಪಟ್ಟು ಗಾಳಿ ಹೋಗುತ್ತೆ. ಜೊತೆಗೆ ಅವತ್ತು ಸೆಳೆತ ಜಾಸ್ತಿ ಇತ್ತು. ಹಗ್ಗ ಹಿಡಿದು ಇಳಿಯುವಷ್ಟರಲ್ಲೇ ನಾನು ಏದುಸಿರು ಬಿಡ್ತಿದ್ದೆ.

ಗೈಡ್ ಬೋಟ್‌ನಲ್ಲೇ ಹೇಳಿದ್ದರು: 200 ಬಾರ್‌ನಿಂದ ಶುರು, 100ಕ್ಕೆ ಬಂದ ತಕ್ಷಣ ನನಗೆ ತೋರಿಸಿ, ವಾಪಸ್ ಹೊರಡೋಣ.

ಸರಕಿನ ಕೋಣೆಗೆ ಹೋದ್ವಿ. ಟಾರ್ಚ್ ಹಾಕಿದ್ರೆ ಲಾರಿಗಳ ಸಾಲು. ಲಾರಿಯ ಹಿಂಭಾಗದಲ್ಲಿ ಒತ್ತೊತ್ತಾಗಿ ನಿಲ್ಲಿಸಿದ ಬಿಎಸ್‌ಎ ಬೈಕುಗಳು. ಟೈರ್ ಇನ್ನೂ ಇದೆ! ಕೆಲವದರ ಬಿಡಿಭಾಗಗಳನ್ನ ಡೈವರ್‌ಗಳೇ ಕಿತ್ಕೊಂಡು ಹೋಗಿದ್ದಾರೆ, ನಾಚಿಕೆಗೇಡು. ನಾನು ಬೈಕ್ ಹುಚ್ಚ. ಇನ್ನೊಂದು ಸಾಲು ನೋಡ್ಬೇಕು ಅನ್ನಿಸ್ತು. ಆಗಲೇ ಗೈಡ್ ತಿರುಗಿ, ಅಂಗೈ ಮೇಲೆ ಎರಡು ಬೆರಳು ತಟ್ಟಿ ಕೇಳಿದರು: ಗಾಳಿ ಎಷ್ಟಿದೆ?

ಮುಳ್ಳು 90ರಲ್ಲಿತ್ತು. ನಾನು 120 ಅಂತ ತೋರಿಸಿದೆ.

ಯಾಕೆ? ನನ್ನಿಂದ ಎಲ್ಲರೂ ಬೇಗ ಮೇಲೆ ಹೋಗ್ಬೇಕಾಗುತ್ತೆ ಅನ್ನೋ ಮುಜುಗರ. ಗುಂಪಿನಲ್ಲಿ ಮೊದಲು ಗಾಳಿ ಖಾಲಿ ಮಾಡೋನು ನಾನೇ ಆಗ್ಬಾರ್ದು ಅಂತ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಇನ್ನೊಂದು ಸಾಲು ನೋಡಿದೆ. ಹೊರಗೆ ಬಂದು ಹಗ್ಗ ಹಿಡಿಯುವಾಗ 50. ಸೆಳೆತಕ್ಕೆ ಬಾವುಟದ ಹಾಗೆ ಅಡ್ಡ ಹಾರ್ತಿದ್ದೀನಿ, ಎದೆ ಹೊಡ್ಕೋತಿದೆ, ಭಯ ಆದಷ್ಟೂ ಉಸಿರು ಜಾಸ್ತಿ, ಉಸಿರಾಡಿದಷ್ಟೂ ಮುಳ್ಳು ಕೆಳಗೆ. ಮೇಲೆ ಹಾರಿಬಿಡೋಣ ಅಂದ್ರೆ ಆಗಲ್ಲ. ಆಳದಲ್ಲಿ ದೇಹಕ್ಕೆ ಸೇರಿದ ನೈಟ್ರೋಜನ್ ನಿಧಾನವಾಗಿ ಹೊರಗೆ ಹೋಗ್ಬೇಕು, ಇಲ್ಲಾಂದ್ರೆ ರಕ್ತದಲ್ಲೇ ಗುಳ್ಳೆ ಏಳುತ್ತೆ. ಐದು ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲೋದು ಅದಕ್ಕೇ.

ಗೈಡ್ ಹತ್ತಿರ ಬಂದು ನನ್ನ ಗೇಜ್ ಎತ್ತಿ ನೋಡಿದರು. ನನ್ನ ಮುಖ ನೋಡಿದರು. ಏನೂ ಸನ್ನೆ ಮಾಡದೆ ತಮ್ಮ ಎರಡನೇ ರೆಗ್ಯುಲೇಟರ್ ನನ್ನ ಬಾಯಿಗೆ ಕೊಟ್ಟು, ತೋಳು ಗಟ್ಟಿಯಾಗಿ ಹಿಡಿದುಕೊಂಡರು. ಆ ಮೂರು ನಿಮಿಷ ನಾನು ಉಸಿರಾಡಿದ್ದು ಅವರ ಗಾಳಿ.

ಬೋಟ್‌ನಲ್ಲಿ ಬೈತಾರೆ ಅಂದ್ಕೊಂಡಿದ್ದೆ. ಟೀ ಕೊಟ್ಟರು. "120?" ಅಂತ ಒಂದೇ ಮಾತು ಕೇಳಿದರು. ನಾನು ತಲೆ ತಗ್ಗಿಸಿದೆ.

ಮಾರನೇ ದಿನ ಮತ್ತೆ ಇಳಿದ್ವಿ. ನನಗೆ ಹಡಗಿನ ಒಳಗೆ ಪ್ರವೇಶ ಇಲ್ಲ, ಹೊರಗಿನಿಂದಷ್ಟೇ. ಮರಳಿನ ಮೇಲೆ ಬಿದ್ದಿರೋ ರೈಲ್ವೆ ಇಂಜಿನ್ ನೋಡಿದೆ. ಗೈಡ್ ಅಂಗೈ ಮೇಲೆ ಬೆರಳು ತಟ್ಟಿದರು. 110 ಇತ್ತು, 110 ಅಂತಲೇ ತೋರಿಸಿದೆ.

ಅವರು ತಲೆಯಾಡಿಸಿ, ನನ್ನ ಗೇಜ್ ಕೈಗೆ ತಗೊಂಡು, ತಾವೇ ಒಂದ್ಸಲ ನೋಡಿದರು.